ಬಿಸಿಲಿಗೆ ಬಿಡುವ ಅಂಟು, ಬಿಸಿಲಿಗೂ ಬಗ್ಗದ ಅಂಟು

ಹಳೆ ಜೀಪು ಅಥವಾ ಕ್ರೂಸರ್ ಗಾಡಿಯ ಮ್ಯಾಟ್ ಕಿತ್ತು ನೋಡಿ. ತಳದ ತಗಡು ಕಣ್ಣಿಗೇ ಬೀಳುವುದಿಲ್ಲ. ಮೇಲೆ ಮ್ಯಾಟ್ ಅಂಟಿಸಿದ ಹಳದಿ ಗಮ್ಮಿನ ಕಲೆ. ಅದರ ಕೆಳಗೆ ಸದ್ದು ತಡೆಯಲು ಕೂರಿಸಿದ ಕರಿ ಡಾಂಬರು ಹಾಳೆ. ತಗಡಿಗೆ ತಗಡು ಸೇರುವ ಕಡೆ ಸಂದು ಮುಚ್ಚುವ ಬೆರಳಗಲದ ಬೂದು ಸೀಲೆಂಟ್. ಸ್ಕ್ರೂಡ್ರೈವರ್‌ನ ಹಿಡಿಯಿಂದ ಹಾಳೆಯನ್ನು ತಟ್ಟುತ್ತಾ ಹೋಗಿ. ಸರಿಯಾಗಿ ಕೂತ ಕಡೆ ಮೊಂಡು ಸದ್ದು ಬರುತ್ತದೆ. ಪೊಳ್ಳು ಸದ್ದು ಬಂದರೆ ಅಲ್ಲಿ ಹಾಳೆ ತಗಡನ್ನು ಬಿಟ್ಟಿದೆ. ಒಳಗೆ ನೀರು ಹೊಕ್ಕು ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ.

ಇದನ್ನೆಲ್ಲ ಕಿತ್ತು ತಗಡು ಶುಚಿ ಮಾಡೋದು ಹೇಗೆ ಅಂತ ಕಲಬುರಗಿಯ ಯಾವುದೇ ಗ್ಯಾರೇಜಿನಲ್ಲಿ ಕೇಳಿ, "ಥಿನ್ನರ್ ಹಾಕ್ರಿ ಸರ್, ಬಿಡ್ತದ" ಅಂತಾರೆ. ಅರ್ಧ ನಿಜ. ಗಮ್ ಬಿಡುತ್ತದೆ, ಡಾಂಬರೂ ಕರಗುತ್ತದೆ. ಸೀಲೆಂಟ್ ಮಾತ್ರ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ.

ರಬ್ಬರಿನಂಥ ವಸ್ತುಗಳಲ್ಲಿ ಸಾವಿರಾರು ಸಣ್ಣ ತುಣುಕುಗಳು ಸಾಲಾಗಿ ಬೆಸೆದು ಉದ್ದನೆಯ ಸರಪಳಿಗಳಾಗಿರುತ್ತವೆ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದರು. ಆಗ ಎಷ್ಟೋ ವಿಜ್ಞಾನಿಗಳು ಒಪ್ಪಲಿಲ್ಲ. 1953ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು. ಮ್ಯಾಟಿನ ರಬ್ಬರ್ ಗಮ್ಮಿನಲ್ಲಿ ಈ ಸರಪಳಿಗಳು ಬೇಯಿಸಿದ ಶಾವಿಗೆಯ ಹಾಗೆ ಸುಮ್ನೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಥಿನ್ನರ್ ನಡುವೆ ನುಸುಳಿದರೆ ಎಳೆಗಳು ಬಿಡಿಸಿಕೊಳ್ಳುತ್ತವೆ. ಡಾಂಬರಿನಲ್ಲಿ ಅಷ್ಟು ಉದ್ದದ ಎಳೆಗಳೂ ಇಲ್ಲ. ಅದು ಭಾರೀ ಹೈಡ್ರೋಕಾರ್ಬನ್‌ಗಳ (ಇಂಗಾಲ, ಜಲಜನಕ ಸೇರಿದ ಅಣುಗಳ) ಮಿಶ್ರಣ, ತನ್ನದೇ ಬಳಗದ ಸೀಮೆಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ.

ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೀಲೆಂಟ್ ಬೇರೆ ಜಾತಿ. ಟ್ಯೂಬಿನಿಂದ ಹೊರಬಂದ ಮೇಲೆ ಅದು ಗಾಳಿಯ ತೇವ ಹೀರಿ ಎಳೆಗೆ ಎಳೆ ಗಂಟು ಹಾಕಿಕೊಳ್ಳುತ್ತದೆ. ಒಣಗಿದ ಪಟ್ಟಿ ಹೆಚ್ಚುಕಡಿಮೆ ಒಂದೇ ದೈತ್ಯ ಅಣು. ಥಿನ್ನರಿನಲ್ಲಿ ಅದು ಊದಿಕೊಳ್ಳಬಹುದು, ಕರಗುವುದಿಲ್ಲ. ಕಾರ್ಖಾನೆಯಲ್ಲಿ ಒಲೆಗಿಟ್ಟು ಗಟ್ಟಿ ಮಾಡಿದ ಬಣ್ಣಕ್ಕೂ ಇದೇ ಗುಣ. ಗ್ಯಾರೇಜಿನಲ್ಲಿ ಆಮೇಲೆ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಥಿನ್ನರ್ ಬಟ್ಟೆಗೆ ಹತ್ತಿಕೊಳ್ಳುತ್ತದೆ, ಕಂಪನಿ ಬಣ್ಣ ಹಾಗೇ ಉಳಿಯುತ್ತದೆ.

ಹಾಗಾದರೆ ಸೀಲೆಂಟಿಗೆ ಏನು ಮಾಡೋದು? ಬಿಸಿ ಮಾಡಿ ಮೆತ್ತಗಾಗಿಸಿ, ಹರಿತವಾದ ಬ್ಲೇಡಿನಿಂದ ಕೊಯ್ಯಬೇಕು. ಬಿಸಿ ಗಾಳಿ ಊದುವ ಹೀಟ್ ಗನ್ ಇದ್ದರೆ ಸಾಕು, ಆದರೆ ಹೊಗೆ ಏಳುವಷ್ಟು ಕಾಯಿಸಬಾರದು. ಸುಟ್ಟ ಪಾಲಿಯುರೆಥೇನ್‌ನಿಂದ ಐಸೋಸಯನೇಟ್ ಆವಿ ಬರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಕೆಲವರಿಗೆ ಆಸ್ತಮಾ ಹಚ್ಚುತ್ತದೆ.

ಬಿಸಿ ಬೇಕಾದರೆ ಕಲಬುರಗಿಯಲ್ಲಿ ಹೀಟ್ ಗನ್ ಯಾಕೆ ಅಂತ ನಗಬೇಡಿ. ಮೇ ತಿಂಗಳಲ್ಲಿ ನೆರಳಲ್ಲೇ 42 ಡಿಗ್ರಿ ಇರುವಾಗ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ 60 ದಾಟಬಹುದು. ಆದರೆ ಡಾಂಬರು ಹಾಳೆ ಕೀಳಲು ಅದು ಅತ್ಯಂತ ಕೆಟ್ಟ ಹೊತ್ತು. ಡಾಂಬರಿಗೆ ಕರಗುವ ಬಿಂದು ಅಂತ ಒಂದಿಲ್ಲ. ಮೆತ್ತಗಾಗುತ್ತಲೇ ಹೋಗುತ್ತದೆ. ಮಧ್ಯಾಹ್ನ ಉಳಿ ಹಾಕಿದರೆ ನೂಲು ನೂಲಾಗಿ ಎಳೆದುಕೊಂಡು ಕೈಗೆ, ಪ್ಯಾಂಟಿಗೆ, ಸೀಟಿಗೆ ಮೆತ್ತುತ್ತದೆ. ಜನವರಿಯ ಬೆಳಗಿನ ಚಳಿಯಲ್ಲಿ, ಅದೂ ಎತ್ತರದಲ್ಲಿರುವ ಬೀದರಿನಲ್ಲಾದರೆ, ಅದೇ ಹಾಳೆ ಇನ್ನಷ್ಟು ಗಟ್ಟಿಯಾಗಿ ತುಂಡು ತುಂಡಾಗಿ ಏಳುತ್ತದೆ.

ಆ ಚಳಿಯನ್ನು ಕೊನೆ ಮುಟ್ಟಿಸಿದರೆ ಡ್ರೈ ಐಸ್ ವಿಧಾನ ಸಿಗುತ್ತದೆ. ಡ್ರೈ ಐಸ್ ಎಂದರೆ ಮೈನಸ್ 78.5 ಡಿಗ್ರಿಯಲ್ಲಿರುವ ಘನ ಕಾರ್ಬನ್ ಡೈಆಕ್ಸೈಡ್. ತುಂಡುಗಳನ್ನು ಹಾಳೆಯ ಮೇಲೆ ಹರಡಿ ಕಾಯಬೇಕು. ತಾಪ ನೂರು ಡಿಗ್ರಿ ಇಳಿದರೆ ಒಂದು ಮೀಟರ್ ಉಕ್ಕು ಸುಮಾರು 1.2 ಮಿಲಿಮೀಟರ್ ಕುಗ್ಗುತ್ತದೆ. ಡಾಂಬರು ಅದಕ್ಕಿಂತ ತುಂಬಾ ಹೆಚ್ಚು ಕುಗ್ಗಬೇಕು. ಮೆತ್ತಗಿದ್ದಾಗ ಸ್ವಲ್ಪ ಹರಿದು ಆ ಎಳೆತವನ್ನು ತಾಳಿಕೊಳ್ಳುತ್ತದೆ. ಚಳಿಗೆ ಗಾಜಿನ ಹಾಗೆ ಗಟ್ಟಿಯಾದ ಮೇಲೆ ಹರಿಯಲಾಗದೆ ಬಿರುಕು ಬಿಡುತ್ತದೆ. ಆಗ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಸಾಕು, ಚೂರು ಚೂರಾಗಿ ಎದ್ದು ಬರುತ್ತದೆ. ಕೆಳಗೆ ಬಣ್ಣಕ್ಕೂ ಗಾಯವಿಲ್ಲ. ಈ ವಿಧಾನ ನನಗೆ ಎಲ್ಲಕ್ಕಿಂತ ಇಷ್ಟ. ಒಂದೇ ಎಚ್ಚರ, ಬಾಗಿಲು ಪೂರಾ ತೆರೆದಿರಬೇಕು, ದಪ್ಪ ಗ್ಲೌಸ್ ಇರಬೇಕು. ಆವಿಯಾದ ಅನಿಲ ಗಾಳಿಗಿಂತ ಭಾರ. ಗಾಡಿಯ ತಳದಲ್ಲೇ ತುಂಬಿಕೊಂಡು ಬಗ್ಗಿ ಕೆಲಸ ಮಾಡುವವರ ಉಸಿರು ಕಟ್ಟಿಸಬಹುದು.

ಇಲ್ಲಿನ ಬಿಸಿಲಿಗೆ ಇನ್ನೊಂದು ಮುಖ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಸೀಮೆಎಣ್ಣೆಗೆ ಪೆಟ್ರೋಲಿನಷ್ಟು ಬೇಗ ಬೆಂಕಿ ಹತ್ತದು ಅಂತ ನಂಬಿಕೆ. ತಂಪು ಊರಲ್ಲಿ ಸರಿ. ಆದರೆ 38 ಡಿಗ್ರಿ ಆಸುಪಾಸಿನಲ್ಲಿ ಸೀಮೆಎಣ್ಣೆಯ ಆವಿ ಕಿಡಿಗೆ ಹತ್ತಿಕೊಳ್ಳುವಷ್ಟಾಗುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನ ಆ ಗೆರೆ ದಾಟಿರುತ್ತದೆ. ಬಣ್ಣ ಕೀಳುವ ಕೆಲವು ದ್ರಾವಣಗಳಲ್ಲಿರುವ ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿಯಲ್ಲಿ. ಅಂದರೆ ಡಬ್ಬಿ ತೆರೆದಿಟ್ಟರೆ ಒಲೆಯಿಲ್ಲದೆ ಕುದಿಯುತ್ತದೆ! ಅದರ ಆವಿ ಮೈಯೊಳಗೆ ಹೋಗಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ 2019ರಿಂದ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಇದಕ್ಕೆ ನಿಷೇಧ. ಅಲ್ಲಿಗಿಂತ ಇಲ್ಲಿ ಹೆದರಿಕೆ ಜಾಸ್ತಿ ಇರಬೇಕಿತ್ತು, ಅಲ್ವಾ?

ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಒಂದೇ ಏಟಿಗೆ ಮುಗಿಸುವವರಿದ್ದಾರೆ. ಉಜ್ಜುವ ಬಿಸಿಗೆ ಗಮ್ ಕರಗಿ ಇನ್ನಷ್ಟು ಹರಡುತ್ತದೆ. ತಗಡಿಗೆ ಸತು ಲೇಪ ಇದ್ದರೆ ಅದೂ ಹಾರಿಹೋಗುತ್ತದೆ. ಥಿನ್ನರ್ ಹಾಕಿದ ಗಾಡಿಯಲ್ಲಿ ಕಿಡಿ ಹಾರಿಸುವುದು ಎಂಥ ಕೆಲಸ ಅಂತ ಬೇರೆ ಹೇಳಬೇಕಿಲ್ಲ.

ಕೊನೆಗೆ ಕಣ್ಣಿಗೆ ಕಾಣದ ಪದರ ಒಂದು ಉಳಿದಿರುತ್ತದೆ. ಯಾರೋ ಹಿಂದೆ ಸಿಲಿಕೋನ್ ಬಳಿದಿದ್ದರಂತೂ ಖಂಡಿತ. ಅದರ ಮೇಲೆ ಬಣ್ಣದ ಮೊದಲ ಕೋಟಾದ ಪ್ರೈಮರ್ ಹೊಡೆದರೆ ಮೀನಿನ ಕಣ್ಣಿನಾಕಾರದ ಗುಳಿಗಳು ಬೀಳುತ್ತವೆ. ಕಂಡುಹಿಡಿಯಲು ತಗಡಿನ ಮೇಲೆ ಶುದ್ಧ ನೀರು ಚಿಮುಕಿಸಿ. ನೀರು ತೆಳುವಾಗಿ ಹರಡಿ ಒಂದೇ ಪೊರೆಯಾಗಿ ನಿಂತರೆ ತಗಡು ಶುಚಿ. ಹನಿ ಹನಿಯಾಗಿ ಗುಂಡಗೆ ನಿಂತ ಜಾಗಕ್ಕೆ ಚಾಕ್‌ನಿಂದ ಗುರುತು ಹಾಕಿ, ಅಲ್ಲಿ ಸಣ್ಣ ಎಮ್ರಿ ಪೇಪರ್ ಆಡಿಸಿ ಇನ್ನೊಮ್ಮೆ ಒರೆಸಬೇಕು. ನೀರು ಪೂರ್ತಿ ಆರಿದ ಮೇಲೆ ಅದೇ ದಿನ ಪ್ರೈಮರ್ ಬೀಳಬೇಕು. ಮಳೆಗಾಲದಲ್ಲಾದರೆ ರಾತ್ರಿ ಕಳೆಯುವಷ್ಟರಲ್ಲಿ ಬರಿ ತಗಡಿನ ಮೇಲೆ ಕಂದು ಪುಡಿ ಮೂಡಿರುತ್ತದೆ.