ಮದುವೆ ಫೋಟೋ ಚೆನ್ನಾಗಿ ಬರಬೇಕಾ? ಮೊದಲು ಛತ್ರದ ಬೆಳಕು ನೋಡಿ

ಮದುವೆ ಫೋಟೋ ಮಾತಾಡುವಾಗ ಕ್ಯಾಮೆರಾ ಯಾವುದು, ಡ್ರೋನ್ ಇದೆಯಾ, ಆಲ್ಬಮ್‌ಗೆ ಎಷ್ಟು ಹಾಳೆ ಅಂತ ಎಲ್ಲ ವಿಚಾರಿಸುತ್ತಾರೆ. ಧಾರೆ ಮಂಟಪದಲ್ಲಿ ಮುಖದ ಮೇಲೆ ಎಂಥ ಬೆಳಕು ಬೀಳುತ್ತದೆ ಅಂತ ಮಾತ್ರ ಕೇಳುವವರು ಕಡಿಮೆ. ಫೋಟೋ ಅಂದರೆ ಮುಖಕ್ಕೆ ಬಿದ್ದು ವಾಪಸು ಬಂದ ಬೆಳಕು, ಅಷ್ಟೇ ಅಲ್ವಾ? ಅದೇ ಸರಿಯಿಲ್ಲದಿದ್ದರೆ ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಕಷ್ಟ.

ನಮ್ಮ ಕಣ್ಣಿಗೆ ಈ ತೊಂದರೆ ಗೊತ್ತಾಗುವುದಿಲ್ಲ. ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗಿಯೇ ಕಾಣುತ್ತದೆ, ಯಾಕೆಂದರೆ ಬೆಳಕಿನ ಬಣ್ಣವನ್ನು ಮಿದುಳು ತಾನೇ ಕಳೆದು ನೋಡುತ್ತದೆ. ಕ್ಯಾಮೆರಾ ಕೂಡ ಈ ಲೆಕ್ಕ ಮಾಡುತ್ತದೆ, ಆದರೆ ಸಾಮಾನ್ಯವಾಗಿ ಇಡೀ ಚಿತ್ರಕ್ಕೆ ಒಂದೇ ಲೆಕ್ಕ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಳದಿ ಬಲ್ಬಿನದು ಸುಮಾರು 2700, ನಡುಹಗಲಿನದು ಸುಮಾರು 5500. ಹುಡುಗಿಯ ಒಂದು ಕೆನ್ನೆಗೆ ಕಿಟಕಿಯ ಬೆಳಕು, ಇನ್ನೊಂದಕ್ಕೆ ಬಲ್ಬಿನದು ಬಿದ್ದರೆ ಒಂದನ್ನು ಸರಿಮಾಡಲು ಹೋದಾಗ ಇನ್ನೊಂದು ಕೆಡುತ್ತದೆ.

ಇದಕ್ಕಿಂತ ಜಾಸ್ತಿ ಹಾಳು ಮಾಡುವುದು ಡೆಕೊರೇಷನ್‌ನವರ ನೀಲಿ ಎಲ್‌ಇಡಿ ದೀಪಗಳು. ನೀಲಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪು ಇಲ್ಲವೇ ಇಲ್ಲ ಅನ್ನಬಹುದು. ದೀಪದಲ್ಲೇ ಇಲ್ಲದ ಕೆಂಪು ಚರ್ಮದಿಂದ ವಾಪಸು ಬರುವುದಾದರೂ ಹೇಗೆ? ಮುಖ ಮಂಕಾಗುತ್ತದೆ, ಕುಂಕುಮ ಕಪ್ಪಾಗುತ್ತದೆ, ರೇಷ್ಮೆ ಸೀರೆಯ ಕೆಂಪು ಅಂಚು ಕಪ್ಪು ಪಟ್ಟಿಯಾಗುತ್ತದೆ. ಕ್ಯಾಮೆರಾಗೆ ಬರದ ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂತು ಎಷ್ಟು ತಿದ್ದಿದರೂ ನಿಜವಾಗಿ ವಾಪಸು ತರಲು ಆಗುವುದಿಲ್ಲ. ಬಣ್ಣದ ದೀಪ ಹಿಂದಿನ ಪರದೆಗೆ ಇರಲಿ. ಮುಖಕ್ಕೆ ಬಿಳಿ ಬೆಳಕೇ ಬೇಕು ಅಂತ ಡೆಕೊರೇಷನ್ ಮಾತಾಡುವ ದಿನವೇ ಖಂಡಿತವಾಗಿ ಹೇಳಿ.

ಇನ್ನೊಂದು ಕಾಟ ಮಿನುಗು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸಲ ಅತ್ತಿತ್ತ ಹರಿಯುತ್ತದೆ, ಪ್ರತಿ ಸಲವೂ ಎರಡು ಬಾರಿ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಕಾಣದ ಇದು ಫೋಟೋದಲ್ಲಿ ಅಡ್ಡ ಪಟ್ಟೆಗಳಾಗಿ ಬರುತ್ತದೆ. ಪರೀಕ್ಷೆ ಸುಲಭ. ಛತ್ರ ನೋಡಲು ಹೋಗುವಾಗ ಸಾಧ್ಯವಾದರೆ ಮುಹೂರ್ತದ ಹೊತ್ತಿಗೇ ಹೋಗಿ, ದೀಪ ಹಾಕಿಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ, ಜೊತೆಗೆ ಮಂಟಪದಲ್ಲಿ ಯಾರನ್ನಾದರೂ ನಿಲ್ಲಿಸಿ ಅವರ ಕೈಗೊಂದು ಬಿಳಿ ಹಾಳೆ ಕೊಟ್ಟು ಒಂದು ಫೋಟೋ ತೆಗೆಯಿರಿ. ದೀಪ ಮಿನುಗುತ್ತಿದ್ದರೆ, ಹಾಳೆ ಎರಡು ಬಣ್ಣವಾಗಿ ಕಂಡರೆ, ಬದಲಾಯಿಸಲು ಇನ್ನೂ ಸಮಯ ಇರುತ್ತದೆ.

ಹೊರಗೆ ಫೋಟೋ ತೆಗೆಸುವುದಾದರೆ ಹೊತ್ತು ನೋಡಿಕೊಳ್ಳಿ. ಏಪ್ರಿಲ್ ಕೊನೆಯ ವಾರದಲ್ಲಿ, ಅಂದರೆ ಮದುವೆಗಳ ಭರಾಟೆಯಲ್ಲಿ, ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಕಣ್ಣೇ ಕಾಣುವುದಿಲ್ಲ. ಸೂರ್ಯ ಎಷ್ಟೇ ದೊಡ್ಡವನಾದರೂ ದೂರದಲ್ಲಿರುವುದರಿಂದ ನಮಗೆ ಸಣ್ಣ ದೀಪವಿದ್ದಂತೆ, ಸಣ್ಣ ದೀಪದ ನೆರಳು ಯಾವಾಗಲೂ ಗಡುಸು. ಛತ್ರದ ಮುಂಬಾಗಿಲ ನೆರಳಿನಲ್ಲಿ ಹೊರಗಡೆಗೆ ಮುಖ ಮಾಡಿ ನಿಂತರೆ ಇಡೀ ಆಕಾಶವೇ ದೊಡ್ಡ ದೀಪವಾಗಿ ಮುಖ ಮೆದುವಾಗಿ ಬರುತ್ತದೆ. ಬಣ್ಣದ ಶಾಮಿಯಾನದ ಕೆಳಗೆ ಮಾತ್ರ ಬೇಡ, ಬಟ್ಟೆಯ ಬಣ್ಣವೆಲ್ಲ ಮುಖಕ್ಕೆ ಇಳಿಯುತ್ತದೆ. ಮುಖ ಬೆವರಿದರೆ ಒರೆಸಿ ಸ್ವಲ್ಪ ಪೌಡರ್ ಹಾಕಿ. ಬೆವರಿನ ತೇವ ಬೆಳಕನ್ನು ಒಂದೇ ಕಡೆಗೆ ಹೊಳೆಯಿಸುತ್ತದೆ, ಪೌಡರ್ ಅದನ್ನು ಚದುರಿಸುತ್ತದೆ.

ಗುಂಪು ಫೋಟೋದಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಎಲ್ಲರ ಕಣ್ಣೂ ತೆರೆದಿರುವ ಒಂದು ಫೋಟೋ ಸಿಗಲು ಎಷ್ಟು ಫೋಟೋ ತೆಗೆಯಬೇಕು ಅಂತ ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಬಹುಮಾನ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ) ಪಡೆದರು. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನ ಇದ್ದರೆ ಆ ಸಂಖ್ಯೆಯನ್ನು 3ರಿಂದ ಭಾಗಿಸಿ, ಬೆಳಕು ಕಡಿಮೆ ಇದ್ದರೆ 2ರಿಂದ. 12 ಜನರಿಗೆ ಒಳ್ಳೆಯ ಬೆಳಕಿನಲ್ಲಿ 4 ಫೋಟೋ ಸಾಕು, ಮಂದ ಬೆಳಕಿನಲ್ಲಿ 6 ಬೇಕು. ಹಾಗಾಗಿ ಒಂದು ಕ್ಲಿಕ್ ಆದ ಕೂಡಲೇ ಊಟಕ್ಕೆ ಓಡಬೇಡಿ ಅಂತ ನೆಂಟರಿಗೆ ಮೊದಲೇ ಹೇಳಿಡಿ.

ಅಂತರಪಟ ಸರಿಸುವ ಗಳಿಗೆ ಮತ್ತೆ ಸಿಗುವುದಿಲ್ಲ. ಹುಡುಗಿಯ ಮುಖಕ್ಕೆ ಒಬ್ಬರು, ಹುಡುಗನ ಮುಖಕ್ಕೆ ಒಬ್ಬರು ಕ್ಯಾಮೆರಾ ಹಿಡಿದು ಎಲ್ಲಿ ನಿಲ್ಲಬೇಕು ಅಂತ ಹಿಂದಿನ ದಿನವೇ ಪುರೋಹಿತರ ಜೊತೆ ಮಾತಾಡಿ. ಮೊಬೈಲ್ ಹಿಡಿದು ಮಧ್ಯೆ ನುಗ್ಗುವವರನ್ನು ಮಂಟಪದ ಕೆಳಗೇ ನಿಲ್ಲಿಸುವ ಕೆಲಸವನ್ನು ಎಲ್ಲರೂ ಮಾತು ಕೇಳುವ ಒಬ್ಬ ಚಿಕ್ಕಪ್ಪನಿಗೆ ಒಪ್ಪಿಸಿ.