ಡಿಶ್ ಮತ್ತು ಆ್ಯಪ್ ನಡುವೆ ಟಿವಿ: ಅಧ್ಯಯನ ಟಿಪ್ಪಣಿ

‘ಸ್ಟ್ರೀಮಿಂಗ್ ಯುಗದಲ್ಲಿ ಟಿವಿಯ ಭವಿಷ್ಯ’ ಎಂಬ ಪ್ರಶ್ನೆ ಎದುರಾದಾಗ ನಮ್ಮಲ್ಲಿ ಬಹಳಷ್ಟು ಮಂದಿ ‘ಈಗ ಟಿವಿ ನೋಡುವವರು ಯಾರು’ ಎಂದು ಆರಂಭಿಸಿ ಅಲ್ಲಿಯೇ ಸುತ್ತುತ್ತೇವೆ. ಆದರೆ ಟಿವಿ ಎಂಬ ಒಂದೇ ಮಾತಿನೊಳಗೆ ಮೂರು ಸಂಗತಿಗಳು ಬೆರೆತಿವೆ: ಸಿಗ್ನಲ್ ಮನೆಗೆ ಬರುವ ದಾರಿ, ಯಾವ ಹೊತ್ತಿಗೆ ಏನು ಎಂದು ಗೊತ್ತುಪಡಿಸುವ ವೇಳಾಪಟ್ಟಿ, ಇವೆರಡನ್ನೂ ನಡೆಸಲು ಬೇಕಾದ ಹಣ. ಸ್ಟ್ರೀಮಿಂಗ್‌ನ ಪೆಟ್ಟು ಮೂರಕ್ಕೂ ಒಂದೇ ಸಮನಾಗಿ ಬಿದ್ದಿಲ್ಲ. ನನ್ನ ದೃಷ್ಟಿಯಲ್ಲಿ ಆಳವಾದ ಗಾಯವಾಗಿರುವುದು ಮೂರನೆಯದಕ್ಕೆ.

ಸಿಗ್ನಲ್‌ನ ದಾರಿ

ಭಾರತದಲ್ಲಿ ಟಿವಿ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಕರ್ನಾಟಕದ ಹಳ್ಳಿಗಳಿಗೆ ಅದು ಬಂದ ಬಗೆ ಮಾತ್ರ ಸ್ವಲ್ಪ ವಿಚಿತ್ರವಾದುದು. 1975-76ರಲ್ಲಿ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ತಲುಪಿಸುವ ‘ಸೈಟ್’ ಪ್ರಯೋಗದ ಅಂಗವಾಗಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ಇಳಿದವು. ಅವುಗಳಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್ ಅಲ್ಲಿಯ ಆಂಟೆನಾ. ಹೀಗಾಗಿ ಈ ಊರುಗಳಿಗೆ ನೆಲದ ಮೇಲಿನ ಪ್ರಸಾರ ಗೋಪುರಕ್ಕಿಂತ ಮೊದಲು ಉಪಗ್ರಹವೇ ಬಂದಂತಾಯಿತು. ಮನೆಯ ಮಾಳಿಗೆಯ ಮೇಲಿನ ಹಳೆಯ ಆಂಟೆನಾವನ್ನು ಸ್ಟ್ರೀಮಿಂಗ್ ಕೊಂದಿತು ಎಂದು ಬರೆಯುವುದು ತಪ್ಪು, ಏಕೆಂದರೆ ಆ ಕೆಲಸವನ್ನು ಕೇಬಲ್ ಮತ್ತು ಡಿಶ್ ಎಂದೋ ಮುಗಿಸಿದ್ದವು. ದೂರದರ್ಶನವು ತನ್ನ ಬಹುತೇಕ ಅನಲಾಗ್ ಭೂ ಪ್ರಸಾರ ಕೇಂದ್ರಗಳನ್ನು 2022ರ ಹೊತ್ತಿಗೆ ಮುಚ್ಚಿತು.

ಉಪಗ್ರಹ ಪ್ರಸಾರದ ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಮೇಲಿನಿಂದ ಒಂದೇ ಸಿಗ್ನಲ್ ಸುರಿಯುತ್ತದೆ. ಕೆಳಗೆ ಹತ್ತು ಡಿಶ್ ಇದ್ದರೂ ಹತ್ತು ಕೋಟಿ ಇದ್ದರೂ ಕಳುಹಿಸುವವರ ಖರ್ಚು ಅಷ್ಟೇ. ಸ್ಟ್ರೀಮಿಂಗ್‌ನಲ್ಲಾದರೋ ಪ್ರತಿ ವೀಕ್ಷಕನಿಗೂ ಪ್ರತ್ಯೇಕ ಹರಿವು ಬೇಕು, ಆದ್ದರಿಂದ ನೋಡುವವರು ಹೆಚ್ಚಿದಷ್ಟೂ ಸರ್ವರ್ ಮತ್ತು ಜಾಲದ ಹೊರೆ ಹೆಚ್ಚುತ್ತದೆ. 2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡುತ್ತಿದ್ದರು. ಅದು ತಾಂತ್ರಿಕವಾಗಿ ದೊಡ್ಡ ಸಾಧನೆ, ನಿಜ. ಆದರೆ ಡಿಶ್‌ಗೆ ಅದು ಲೆಕ್ಕಕ್ಕೇ ಬರದ ಕೆಲಸ. ಇನ್ನೊಂದು ವ್ಯತ್ಯಾಸವನ್ನು ಮನೆಯಲ್ಲಿ ಕುಳಿತೇ ಗಮನಿಸಬಹುದು. ನಮ್ಮ ಫೋನಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಪಕ್ಕದ ಮನೆಯಲ್ಲಿ ‘ಔಟ್!’ ಎಂಬ ಕೂಗು ಏಳುತ್ತದೆ. ಆ್ಯಪ್ ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಎರಡು ಮೂರು ತುಣುಕುಗಳನ್ನು ಮುಂಗಡವಾಗಿ ಕೂಡಿಟ್ಟುಕೊಂಡ ಮೇಲಷ್ಟೇ ತೋರಿಸುವುದರಿಂದ ಪಕ್ಕದ ಮನೆಯ ಕೇಬಲ್ ಸಾಮಾನ್ಯವಾಗಿ ಮುಂದಿರುತ್ತದೆ.

ವೇಳಾಪಟ್ಟಿ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಜೆ ಇಂಥ ಹೊತ್ತಿಗೆ ಇಂಥ ಧಾರಾವಾಹಿ ಎಂಬ ಕಟ್ಟು ಸಡಿಲಗೊಂಡಿದೆ. ಕೆಲವು ಆ್ಯಪ್‌ಗಳಲ್ಲಿ ಚಂದಾ ಕಟ್ಟಿದವರಿಗೆ ಆ ದಿನದ ಕಂತು ಟಿವಿಗಿಂತ ಮೊದಲೇ ಸಿಗುತ್ತದೆ. ವೇಳೆಯ ಹಂಗು ಇನ್ನೂ ಗಟ್ಟಿಯಾಗಿ ಉಳಿದಿರುವುದು ಆಟ, ಚುನಾವಣೆಯ ಫಲಿತಾಂಶ ಮತ್ತು ರಿಯಾಲಿಟಿ ಷೋಗಳ ಫಿನಾಲೆಯಂಥ ಕಾರ್ಯಕ್ರಮಗಳಲ್ಲಿ. ನಿನ್ನೆಯ ಪಂದ್ಯವನ್ನು ಇಂದು ನೋಡಲು ಯಾರಿಗೂ ಆಸಕ್ತಿಯಿರುವುದಿಲ್ಲ.

ಹಣ

ಟಿವಿ ಜಾಹೀರಾತನ್ನು ಹತ್ತು ಸೆಕೆಂಡುಗಳ ಲೆಕ್ಕದಲ್ಲಿ ಮಾರುತ್ತಾರೆ, ಮತ್ತು ನಿಯಮದ ಪ್ರಕಾರ ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರುವಂತಿಲ್ಲ. ಮಾರುವ ಸರಕಿಗೇ ಹೀಗೆ ಮಿತಿಯಿರುವಾಗ ಅದರ ಬೆಲೆಯನ್ನು ನಿರ್ಧರಿಸುವುದು ಟಿಆರ್‌ಪಿ, ಅಂದರೆ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡಿದರೆಂಬ ಅಳತೆ. ಈ ಟಿಆರ್‌ಪಿ ಹುಟ್ಟುವುದು ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆ ತನ್ನ ಮೀಟರ್ ಇಟ್ಟಿರುವ, 60 ಸಾವಿರವನ್ನೂ ಮುಟ್ಟದ ಮನೆಗಳಿಂದ. ದೇಶದಲ್ಲಿ ಟಿವಿ ಇರುವ ಮನೆಗಳಾದರೋ 2020ರ ಅಂದಾಜಿನಂತೆ ಸುಮಾರು 21 ಕೋಟಿ. ಅಂದರೆ ವಾಹಿನಿಗೆ ತನ್ನನ್ನು ಯಾರು ನೋಡುತ್ತಿದ್ದಾರೆಂಬುದು ಮಾದರಿಯ ಮೂಲಕವಷ್ಟೇ ಗೊತ್ತು. ಆ್ಯಪ್‌ಗೆ ಹಾಗಲ್ಲ: ಯಾವ ಊರಿನ ಯಾವ ಫೋನಿನಲ್ಲಿ ಎಷ್ಟು ನಿಮಿಷ ನೋಡಿದರು, ಎಲ್ಲಿ ಬೇಸರಗೊಂಡು ಹೊರಟುಹೋದರು ಎಂಬುದೆಲ್ಲ ಅದರ ದಾಖಲೆಯಲ್ಲಿರುತ್ತದೆ. ಹುಬ್ಬಳ್ಳಿಯ ಸೀರೆ ಅಂಗಡಿಯೊಂದು ಹುಬ್ಬಳ್ಳಿಯವರಿಗೆ ಮಾತ್ರ ಜಾಹೀರಾತು ತೋರಿಸಿರೆಂದು ಆ್ಯಪ್‌ನವರನ್ನು ಕೇಳಬಹುದು. ರಾಜ್ಯಕ್ಕೆಲ್ಲ ಒಂದೇ ಸಿಗ್ನಲ್ ಬಿಡುವ ವಾಹಿನಿಗೆ ಅದು ಸುಲಭವಲ್ಲ. ಪ್ರಸಾರದ ಬಲ ಯಾವುದೋ, ಅಂದರೆ ಎಲ್ಲರಿಗೂ ಒಂದೇ ಸಿಗ್ನಲ್ ಎಂಬುದು, ಜಾಹೀರಾತಿನ ಮಾರುಕಟ್ಟೆಯಲ್ಲಿ ಅದೇ ಅದರ ದೌರ್ಬಲ್ಯವಾಗಿದೆ. ಈ ಟಿಪ್ಪಣಿಯಲ್ಲಿ ಒಂದೇ ಸಾಲಿಗೆ ಅಡಿಗೆರೆ ಹಾಕುವುದಿದ್ದರೆ ಇದಕ್ಕೇ ಹಾಕಿಕೊಳ್ಳಿ.

ಇದರ ಸ್ಪಷ್ಟ ಪುರಾವೆ 2022ರ ಐಪಿಎಲ್ ಹರಾಜು. 2023ರಿಂದ 2027ರವರೆಗಿನ ಐದು ವರ್ಷಗಳಿಗೆ ಭಾರತದ ಟಿವಿ ಹಕ್ಕು 23,575 ಕೋಟಿ ರೂಪಾಯಿಗೆ ಹೋಯಿತು. ಎರಡು ಭಾಗವಾಗಿ ಮಾರಿದ ಡಿಜಿಟಲ್ ಹಕ್ಕಿಗೆ ಒಟ್ಟು 23,758 ಕೋಟಿ ಬಂತು. ಅಂತರ ಚಿಕ್ಕದಾದರೂ ತಕ್ಕಡಿ ವಾಲಿದ್ದು ಆಗಲೇ. ಮರುವರ್ಷ ಜಿಯೋಸಿನಿಮಾ ಪಂದ್ಯಗಳನ್ನು ಉಚಿತವಾಗಿ ತೋರಿಸಿದಾಗ, ‘ಟಿವಿ ಅಗ್ಗ, ಆ್ಯಪ್ ದುಬಾರಿ’ ಎಂಬ ನಮ್ಮ ಹಳೆಯ ಎಣಿಕೆಯೂ ತಲೆಕೆಳಗಾಯಿತು.

ಆದರೂ ಇದನ್ನು ಟಿವಿಗೂ ಆ್ಯಪ್‌ಗೂ ನಡೆದ ಕುಸ್ತಿ ಎಂದು ಬರೆಯಬೇಡಿ. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಮಾಧ್ಯಮ ವ್ಯವಹಾರಗಳು ವಿಲೀನವಾದ ನಂತರ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಸ್ಟಾರ್ ಎಂಬ ಒಂದೇ ಸಂಸ್ಥೆಯವು, ಜಿಯೋಹಾಟ್‌ಸ್ಟಾರ್ ಆ್ಯಪ್ ಕೂಡ ಅದರದೇ. ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್ ಆ್ಯಪ್‌ಗಳಿವೆ. ಒಂದೇ ಮನೆಯ ಎರಡು ಬಾಗಿಲುಗಳಲ್ಲಿ ಯಾವುದರಿಂದ ಹೆಚ್ಚು ವರಮಾನ ಬರುತ್ತದೋ ಅದನ್ನು ಮನೆಯವರು ಅಗಲವಾಗಿ ತೆರೆದಿಡುತ್ತಾರೆ.

ಅಮೆರಿಕದ ಅಂಕಿಗಳನ್ನು ನಮಗೆ ಹಾಗೆಯೇ ಅನ್ವಯಿಸುವಾಗಲೂ ಎಚ್ಚರ ಬೇಕು. ವೀಕ್ಷಣೆಯನ್ನು ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕದಂತೆ 2025ರ ಮೇ ತಿಂಗಳಲ್ಲಿ ಅಲ್ಲಿಯ ಟಿವಿ ವೀಕ್ಷಣೆಯಲ್ಲಿ ಸ್ಟ್ರೀಮಿಂಗ್‌ನ ಪಾಲು ಶೇ. 44.8ಕ್ಕೆ ಏರಿ, ಪ್ರಸಾರ ಮತ್ತು ಕೇಬಲ್ ಎರಡರ ಒಟ್ಟು ಪಾಲನ್ನು ಮೀರಿಸಿತು. ಆದರೆ ಅಲ್ಲಿಯ ದುಬಾರಿ ಕೇಬಲ್ ಬಿಲ್ಲಿನಿಂದ ತಪ್ಪಿಸಿಕೊಳ್ಳುವುದೇ ಒಂದು ಉಳಿತಾಯ. ಇಲ್ಲಿ ಕೇಬಲ್‌ನವರು ಕೇಳುವುದು ತಿಂಗಳಿಗೆ ಕೆಲವು ನೂರು ರೂಪಾಯಿ. ಅದಕ್ಕಿಂತ ಕೆಳಗೆ, ತಿಂಗಳ ಬಾಡಿಗೆಯೇ ಇಲ್ಲದ, ದೂರದರ್ಶನದ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರ್‌ನಲ್ಲಿ ಆರಂಭವಾದ ಇದು ಅಂದಾಜಿನ ಪ್ರಕಾರ ಈಗ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ, ಮತ್ತು ಅದರಲ್ಲಿ ಜಾಗ ಪಡೆಯಲು ಖಾಸಗಿ ವಾಹಿನಿಗಳು ಹರಾಜಿನಲ್ಲಿ ಹಣ ಸುರಿಯುತ್ತವೆ.

ಕೊನೆಯದಾಗಿ ‘ಡೈರೆಕ್ಟ್ ಟು ಮೊಬೈಲ್’. ಇಂಟರ್‌ನೆಟ್ ಇಲ್ಲದೆಯೇ ಪ್ರಸಾರದ ಸಿಗ್ನಲ್ಲನ್ನು ಫೋನ್ ನೇರವಾಗಿ ಹಿಡಿಯುವ ಈ ತಂತ್ರಜ್ಞಾನದ ಪ್ರಯೋಗಗಳಲ್ಲಿ ಕಾನ್ಪುರದ ಐಐಟಿಯ ಜೊತೆ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೆಲಸ ಮಾಡಿದೆ. ಲಕ್ಷಾಂತರ ಜನ ಒಂದೇ ಪಂದ್ಯ ನೋಡುವಾಗ ಡೇಟಾ ಜಾಲದ ಮೇಲೆ ಬೀಳುವ ಹೊರೆಯನ್ನು ಇದು ಇಳಿಸಬಲ್ಲದು. ತೊಡಕಿರುವುದು ಫೋನಿನೊಳಗೆ ಬೇರೊಂದು ಚಿಪ್ ಬೇಕೆನ್ನುವುದರಲ್ಲಿ: ತಯಾರಕರಿಗೆ ಅದು ಹೆಚ್ಚುವರಿ ಖರ್ಚು, ಡೇಟಾ ಮಾರುವ ಟೆಲಿಕಾಂ ಕಂಪನಿಗಳಿಗೆ ಕೈತಪ್ಪುವ ವ್ಯಾಪಾರ.