ಕಿಟ್ ಕೋವಿಗೂ ಮಾಡಿಸಿದ ಕೋವಿಗೂ ವ್ಯತ್ಯಾಸ ಇರುವುದು ಮರದಲ್ಲಿ

ಬಾಯಿಯಿಂದ ಮದ್ದುಗುಂಡು ತುಂಬುವ ಕೋವಿ ಎಂದರೆ ಮಲೆನಾಡಿನವರಿಗೂ ಕೊಡಗಿನವರಿಗೂ ಕೇಪಿನ ಕೋವಿ ನೆನಪಾಗುತ್ತದೆ. ಅದಕ್ಕಿಂತ ಹಳೆಯ, ಚಕಮಕಿ ಕಲ್ಲಿನಿಂದ ಸಿಡಿಯುವ ಉದ್ದ ರೈಫಲ್ ಅಮೆರಿಕದಲ್ಲಿ ಈಗಲೂ ಹೊಸದಾಗಿ ತಯಾರಾಗುತ್ತದೆ. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ್ದ ಜರ್ಮನ್ ಮೂಲದ ಕುಶಲಕರ್ಮಿಗಳ ಕೈಯಲ್ಲಿ ಪಳಗಿದ ಮಾದರಿಯದು. ಬೇಕೆನ್ನುವವರಿಗೆ ಎರಡು ದಾರಿ: ಯಂತ್ರದಲ್ಲಿ ಕೊರೆದ ಸ್ಟಾಕ್ (ಕೋವಿಯ ಮರದ ಭಾಗ) ಇರುವ ಬಿಡಿಭಾಗಗಳ ಕಿಟ್ ತಂದು ಜೋಡಿಸಿ ನಯಗೊಳಿಸುವುದು, ಇಲ್ಲವೇ ಹಲಗೆಯಿಂದಲೇ ಶುರುಮಾಡುವ ಕುಶಲಿಗೆ ಅಳತೆ ಕೊಟ್ಟು ಮಾಡಿಸುವುದು.

1960ರ ದಶಕದಲ್ಲಿ ವರ್ಜೀನಿಯಾದ, 18ನೇ ಶತಮಾನದ ಬದುಕನ್ನು ತೋರಿಸುವ ವಸ್ತುಸಂಗ್ರಹಾಲಯವಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಕೋವಿ ಕುಶಲಿ ವಾಲೆಸ್ ಗಸ್ಲರ್ ಕಬ್ಬಿಣದ ಪಟ್ಟಿ ಬೆಸೆದು ನಳಿಗೆಯನ್ನೂ ಕೈಯಲ್ಲೇ ಮಾಡಿ ತೋರಿಸಿದ್ದರು. ಇಂದು ಅಷ್ಟು ದೂರ ಹೋಗುವವರು ತೀರಾ ವಿರಳ. ದುಬಾರಿ ಕೋವಿ ಮಾಡುವವರೂ ಬಹುಪಾಲು ನಳಿಗೆ, ಕಿಡಿ ಹಾರಿಸುವ ಲಾಕ್‌ಗಳನ್ನು ಕಿಟ್‌ಗೆ ಒದಗಿಸುವಂಥ ತಯಾರಕರಿಂದಲೇ ಕೊಳ್ಳುತ್ತಾರೆ. ಹಾಗಾಗಿ ಹೆಚ್ಚು ದುಡ್ಡು ಕೊಟ್ಟರೆ ಗುರಿ ಹೆಚ್ಚು ನಿಖರವಾಗುತ್ತದೆ ಎಂದು ನಂಬಬೇಡಿ.

ಯಂತ್ರದ ಲಾಭ ಕಾಣುವುದು ಕೊರೆತದಲ್ಲಿ. ನಳಿಗೆಯ ಕೆಳಗೆ, ಮದ್ದುಗುಂಡು ಒಳತಳ್ಳುವ ಗಜಕ್ಕೆಂದು ಉದ್ದನೆಯ ತೂತು ಬೇಕು. ಕೈಯಲ್ಲಿ ಕೊರೆಯುವಾಗ ಬೈರಿಗೆ ಮರದ ಎಳೆ ಹಿಡಿದು ಸರಿದರೆ ನಳಿಗೆಯ ಕಾಲುವೆಗೆ ನುಗ್ಗುತ್ತದೆ, ಇಲ್ಲವೇ ತಳ ಒಡೆದು ಹೊರಬರುತ್ತದೆ. ಇನ್ನೂ ಸೂಕ್ಷ್ಮವಾದದ್ದು ಕಿಡಿ ಒಳಹೋಗುವ ರಂಧ್ರದ ಜಾಗ. ಅದರ ನಡುಬಿಂದು, ಕಿಡಿ ಬಿದ್ದು ಹೊತ್ತಿಕೊಳ್ಳುವ ಮದ್ದಿನ ಬಟ್ಟಲಿನ ಮೇಲಂಚಿನ ಮಟ್ಟಕ್ಕೆ ಹತ್ತಿರ ಬರಬೇಕು. ಕೆಳಗಾದರೆ ಬಟ್ಟಲಿನ ಪುಡಿ ರಂಧ್ರ ಮುಚ್ಚಿ ಬತ್ತಿಯಂತೆ ಉರಿಯುತ್ತದೆ. ಟ್ರಿಗರ್ ಒತ್ತಿದ ಮೇಲೆ ಗುಂಡು ಹಾರಲು ತಡವಾಗಿ ಗುರಿ ತಪ್ಪುತ್ತದೆ. ಲಾಕ್ ಹಿಂದಕ್ಕೆ ಕೂತರೆ ರಂಧ್ರ ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್‌ನ ಮೇಲೇ ಬೀಳುತ್ತದೆ. ಒಳ್ಳೆಯ ಕಿಟ್‌ನಲ್ಲಿ ಈ ಜಾಗ ಮೊದಲೇ ನಿಗದಿಯಾಗಿರುತ್ತದೆ. ಮೊದಲ ಕೋವಿ ಕಟ್ಟುವವರು ಕಿಟ್ಟನ್ನೇ ಹಿಡಿಯಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಕಿಟ್ ಸೋಲುವುದು ಮೈಕಟ್ಟಿನ ಮುಂದೆ. ಟ್ರಿಗರ್‌ನಿಂದ ಸ್ಟಾಕಿನ ಹಿಂದಿನ ತುದಿಗೆ ಸಾಮಾನ್ಯವಾಗಿ ಸುಮಾರು 34 ಸೆಂ.ಮೀ. ಇರುತ್ತದೆ. ಗಿಡ್ಡ ತೋಳಿನವರು ಕತ್ತರಿಸಿಕೊಳ್ಳಬಹುದು, ಉದ್ದ ತೋಳಿನವರು ಏನು ಮಾಡಬೇಕು? ಸ್ಟಾಕಿನ ಇಳಿಜಾರು, ಪಕ್ಕಕ್ಕೆ ಬಾಗುವ ಓರೆ ಎರಡೂ ಕೆತ್ತನೆಯಲ್ಲೇ ಮುಗಿದಿರುತ್ತವೆ. ಇಳಿಜಾರು ಹೆಚ್ಚಾದರೆ ಒದೆತಕ್ಕೆ ಸ್ಟಾಕ್ ಮೇಲೆದ್ದು ಕೆನ್ನೆಗೆ ಬಡಿಯುತ್ತದೆ. ಉದ್ದ ಕತ್ತಿನವರು, ಅಗಲ ಎದೆಯವರು ಅಳತೆ ಕೊಟ್ಟು ಮಾಡಿಸುವುದೇ ಸರಿ.

ಮರದ ಎಳೆಯೂ ಮುಖ್ಯ. ಲಾಕ್‌ನ ಹಿಂದೆ ಕೈ ಹಿಡಿಯುವ ಸಣ್ಣ ಭಾಗವೇ ಸ್ಟಾಕಿನ ಅತಿ ದುರ್ಬಲ ಜಾಗ. ಕುಶಲಿ ಹಲಗೆ ತಿರುಗಿಸಿ ನೋಡಿ, ಎಳೆಗಳು ಆ ಬಾಗಿನ ಜೊತೆಗೇ ಹರಿಯುವಂತೆ ನಕ್ಷೆ ಇಡುತ್ತಾನೆ. ಎಳೆ ಅಡ್ಡಕ್ಕೆ ಹಾದ ಕಿಟ್ ಬಂದರೆ, ಮೇಪಲ್ ಮರದ ಅಲೆ ಎಷ್ಟೇ ಚಂದವಿದ್ದರೂ, ಒಂದು ಉಜ್ಜೂ ಹಾಕದೆ ವಾಪಸ್ ಕಳಿಸಿ.